ಒಂದೇ ನೆಗ್ಗಿನ ಎರಡು ಆನೆಗಳು

ಚಿಕ್ಕದಾಗಿ ಮುಗಿಸಿ ಎಂದು ಆಗಲೇ ಕಣ್ಸನ್ನೆ ಮಾಡಿರುವ ಅಧ್ಯಕ್ಷರಾದ ದೊಡ್ಡತಿಮ್ಮಪ್ಪನವರೇ, ಹೊಳಲ್ಕೆರೆಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಚಿತ್ರದುರ್ಗದ ನಮ್ಮ ನಾಣ್ಯಪ್ರಿಯರ ಬಳಗದ ಬಂಧುಗಳೇ, ಊಟದ ಮೊದಲೇ ಬಂದು ಕುಳಿತಿರುವ ಸಭಿಕರೇ,

ಹಿರಿಯೂರಿನ ಒಬ್ಬ ಡ್ರಾಯಿಂಗ್ ಮೇಷ್ಟ್ರಿಗೆ ನೀವು ಇಂದು ಸನ್ಮಾನ ಮಾಡಿದ್ದೀರಿ. ಇಂಟರ್‌ನೆಟ್ ಹರಾಜಿನಲ್ಲಿ ಬರುವ ಖೋಟಾ ನಾಣ್ಯಗಳನ್ನು ಪತ್ತೆ ಹಚ್ಚಿ ಬಳಗದ ಮಾನ ಉಳಿಸಿದವರು ಎಂದು ನಿರೂಪಕರು ಹೇಳಿದರು. ಪತ್ತೆ ಹಚ್ಚಿದ್ದು ಹೇಗೆ? ನಾಣ್ಯವನ್ನು ಕೈಯಲ್ಲಿ ಹಿಡಿಯುವಂತಿಲ್ಲ, ತೂಗುವಂತಿಲ್ಲ, ಕಲ್ಲಿನ ಮೇಲೆ ಬಡಿದು ಸದ್ದು ಕೇಳುವಂತಿಲ್ಲ. ಇರುವುದು ಒಂದು ಫೋಟೊ. ಮದುವೆಗೆ ಹೆಣ್ಣು ನೋಡುವುದಕ್ಕೂ ನಾವು ಫೋಟೊ ಒಂದನ್ನೇ ನಂಬುವುದಿಲ್ಲ.

ನನಗೆ ನಾಣ್ಯ ನೋಡುವುದನ್ನು ಕಲಿಸಿದವರು ಹೊಸದುರ್ಗದ ಪಾಪಣ್ಣನವರು. ಅಲ್ಲಿ ಎರಡನೇ ಸಾಲಿನಲ್ಲಿ ತಮ್ಮ ಶ್ರೀಮತಿ ಕಾಟಮ್ಮನವರ ಪಕ್ಕ ಕುಳಿತಿದ್ದಾರೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಸುತ್ತದ ಸಂತೆ ಇಲ್ಲ. ಒಮ್ಮೆ ಅವರು ಅಂದರು: "ಮೇಷ್ಟ್ರೇ, ಸುತ್ತಿಗೇಲಿ ಹೊಡೆದ ಹಳೇ ದುಡ್ಡು ಒಂದರಂಗೆ ಇನ್ನೊಂದು ಸವೆಯಲ್ಲ. ಎರಡಕ್ಕೂ ಒಂದೇ ಜಾಗದಾಗೆ ಪೆಟ್ಟು ಬಿದ್ದಿದ್ರೆ, ಒಂದನ್ನ ನೋಡ್ಕಂಡು ಇನ್ನೊಂದನ್ನ ಎರಕ ಹೊಯ್ದವ್ರೆ ಅಂತ ತಿಳ್ಕಳ್ರಿ." ನನ್ನ ಬಂಡವಾಳ ಅಷ್ಟೇ. ಉಳಿದದ್ದೆಲ್ಲ ನಿರೂಪಕರದು.

ಹೋದ ವರ್ಷ, ಎರಡು ಸಾವಿರದ ಆರರಲ್ಲಿ, ಹಿರಿಯೂರಿನ ಇಂಟರ್‌ನೆಟ್ ಸೆಂಟರಿನಲ್ಲಿ ಕುಳಿತು ಹರಾಜು ನೋಡುತ್ತಿದ್ದೆ. ಟಿಪ್ಪು ಕಾಲದ ಆನೆ ಮುದ್ರೆಯ ತಾಮ್ರದ ಕಾಸು. ಆನೆಯ ಬೆನ್ನ ಮೇಲೆ ಒಂದು ನೆಗ್ಗು. ಕೆಲವು ದಿನಗಳಲ್ಲಿ ಅದೇ ಮಾರಾಟಗಾರರಿಂದ ಇನ್ನೊಂದು ಬಂತು. ಅದೇ ಆನೆ, ಅದೇ ಬೆನ್ನು, ಅದೇ ನೆಗ್ಗು. ಮಾರುವವರ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಯಾರೆಂದು ತಿಳಿಯುವುದು ಹೇಗೆ?

ಇಲ್ಲಿ ನನ್ನ ಶ್ರೀಮತಿ ಯಶೋಧಾ ಅವರನ್ನು ನೆನೆಯಬೇಕು. ಇಷ್ಟು ಹೊತ್ತು ಸೆಂಟರಿನಲ್ಲಿ ಈ ಮನುಷ್ಯ ಏನು ನೋಡುತ್ತಾನೆ ಎಂಬ ಅನುಮಾನದಿಂದ ಅವರು ಒಂದು ದಿನ ಹಿಂದೆಯೇ ಬಂದರು. ಪರದೆಯ ಮೇಲೆ ಕಾಸು ಕಂಡು ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಬಗ್ಗಿ ನೋಡಿ, "ರೀ, ಇದು ನನ್ನ ಗಿಳಿ ಕಣ್ರೀ," ಅಂದರು. ಕಾಸಿನ ಕೆಳಗೆ ಹಾಸಿದ ಬಟ್ಟೆಯಲ್ಲಿ ಕಸೂತಿಯ ಗಿಳಿಯಿತ್ತು. ಹಸಿರು ದಾರ ಸಾಲದೆ ಅದರ ಬಾಲಕ್ಕೆ ನೀಲಿ ಹಾಕಿದ್ದರು. ಆ ಬಟ್ಟೆಯನ್ನು ನಾವು ಕೊಟ್ಟದ್ದು ಪಾಪಣ್ಣನವರ ಗೃಹಪ್ರವೇಶಕ್ಕೆ.

ಸಭಿಕರೇ, ಗುರು ಎಂದು ನಂಬಿದವರು ಖೋಟಾ ಮಾರಿದರೆ ಶಿಷ್ಯ ಏನು ಮಾಡಬೇಕು? ಎರಡೂ ಫೋಟೊಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ಆಡಬೇಕಾದ ಬಿರುಸು ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ," ಅಂದರು ಪಾಪಣ್ಣನವರು. ನಾನು ಕೂರದೆ ಎರಡೂ ಹಾಳೆಗಳನ್ನು ಅವರ ಕೈಗಿಟ್ಟೆ. ಪಾಪಣ್ಣನವರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಆನೆ ಚೆನ್ನಾಗಿ ಬಂದೈತೆ," ಅಂದರು.

ಹಾಳೆಯನ್ನು ಅವರು ತಲೆಕೆಳಗಾಗಿ ಹಿಡಿದಿದ್ದರು. ಆನೆಯ ಕಾಲು ಮೇಲಿತ್ತು.

ಬಾಗಿಲ ಬಳಿ ನಿಂತಿದ್ದ ಕಾಟಮ್ಮನವರು ನನ್ನನ್ನು ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು. ನಾನು ಕುಳಿತುಕೊಂಡೆ. ಕೊಟ್ಟ ಟೀ ಕುಡಿದೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಕೊನೆಗೆ, "ಪಾಪಣ್ಣ, ಎರಡರ ಮೇಲೂ ಒಂದೇ ನೆಗ್ಗು ಐತೆ," ಅಂದೆ.

"ಎಲ್ಲಿ?"

"ಬೆನ್ನ ಮೇಲೆ."

"ಎರಡ್ರಾಗೂ?"

"ಎರಡ್ರಾಗೂ."

ಅವರು ಡಬ್ಬಿ ತರಿಸಿ, ಉಳಿದಿದ್ದ ಕಾಸುಗಳ ಅಂಚಿನ ಮೇಲೆ ಉಗುರು ಎಳೆದರು. ಎರಕದ ಅಚ್ಚಿನ ಎರಡು ಭಾಗ ಕೂಡುವ ಕಡೆ ಸಣ್ಣ ಗೆರೆ ಉಳಿಯುತ್ತದಲ್ಲ, ಅಲ್ಲಿ ಉಗುರು ಸಿಕ್ಕಿಕೊಂಡಿತು. ಪ್ರತಿಯೊಂದರಲ್ಲೂ ಸಿಕ್ಕಿಕೊಂಡಿತು. ಮನೆ ಬಾಗಿಲಿಗೆ ಬಂದ ಯಾವನೋ ವ್ಯಾಪಾರಿ ಕೊಟ್ಟು ಹೋದ ಕಾಸುಗಳಂತೆ. ಅವರ ಮನೆಗೇ ಬಂದು ಫೋಟೊ ತೆಗೆದು ಹರಾಜಿಗೆ ಹಾಕಿದ್ದು ಪಕ್ಕದ ಸ್ಟುಡಿಯೊದವರು. "ನೋಡಣ್ಣ ಅಂತ ಆ ವ್ಯಾಪಾರಿ ಕೈಗೆ ಕೊಟ್ಟ. ಕಾಣಲ್ಲ ಕಣಪ್ಪ ಅನ್ನಕ್ಕೆ ನಾಲಿಗೆ ಬರ್ಲಿಲ್ಲ ಮೇಷ್ಟ್ರೇ. ಚೆನ್ನಾಗವೆ ಅಂದ್ಬಿಟ್ಟೆ," ಅಂದರು.

ಕೊಂಡವರಿಗೆಲ್ಲ ಅವರು ನನ್ನ ಕೈಲಿ ಬರೆಸಿ, ಹಣ ಮರಳಿಸಿ, ಖೋಟಾ ಕಾಸನ್ನು ವಾಪಸು ತರಿಸಿಕೊಂಡರು. ಒಬ್ಬರು ಮಾತ್ರ ಕಳಿಸಲಿಲ್ಲ. ಖೋಟಾ ಆದರೂ ಆನೆ ಲಕ್ಷಣವಾಗಿದೆ ಎಂದು ಉತ್ತರ ಬರೆದರು.

ಅಂದಿನಿಂದ ಭಾನುವಾರಗಳಂದು ನಾನು ಹೊಸದುರ್ಗದಲ್ಲಿರುತ್ತೇನೆ. ಅಲ್ಲಿಯ ಸೆಂಟರಿನಲ್ಲಿ ಪರದೆಯ ಮೇಲೆ ಕಂಡದ್ದನ್ನು ನಾನು ಹೇಳುತ್ತೇನೆ, ಅವರು ಕೇಳುತ್ತಾರೆ. "ಅಕ್ಷರದ ಅಂಚು ಚೂಪಾಗೈತಾ, ಕರಗಿದಂಗೈತಾ? ಮೈಮೇಲೆ ಗುಳ್ಳೆ ಎದ್ದ ಗುರುತು ಅವೆಯಾ?" ನೀವು ಹೊಗಳಿದ ಒಂದೊಂದು ಪತ್ತೆಯೂ ಆ ಪ್ರಶ್ನೆಗಳಿಂದ ಆದದ್ದು. ಕಣ್ಣು ಹೋದ ಮೇಲೂ ಅವರ ಹಾಗೆ...

ಕ್ಷಮಿಸಿ.

ಈ ಕಣ್ಣಿನ ವಿಷಯ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುವುದಿಲ್ಲ ಎಂದು ನಾನು ಕಾಟಮ್ಮನವರಿಗೆ ಮಾತು ಕೊಟ್ಟಿದ್ದೆ. ಮಾತಿನ ಭರದಲ್ಲಿ ಆ ಹಾಳೆಯಿಂದ ಹಿಡಿದು ಎಲ್ಲವನ್ನೂ ಆಗಲೇ ಹೇಳಿಬಿಟ್ಟಿದ್ದೇನೆ. ಮೈಕಿನ ಮುಂದೆ ನಿಂತರೆ ಮೇಷ್ಟ್ರುಗಳ ಬಾಯಿಗೆ ಬೀಗವಿಲ್ಲ.

ಪಾಪಣ್ಣನವರು ಎದ್ದು ನಿಂತಿದ್ದಾರೆ. ಪಾಪಣ್ಣ, ಬಾಗಿಲು ನಿಮ್ಮ ಹಿಂದಕ್ಕೈತೆ, ವೇದಿಕೆ ಮುಂದಕ್ಕೈತೆ. ಮನೆಗೆ ಹೋಗಾದಾದ್ರೆ ಹೋಗ್ರಿ, ನನ್ನ ಮುಖ ನೋಡಬ್ಯಾಡ್ರಿ, ತಪ್ಪಿಲ್ಲ. ಇಲ್ಲಿಗೆ ಬರಾದಾದ್ರೆ ಅಲ್ಲೇ ನಿಂತ್ಕಳ್ರಿ. ಮೆಟ್ಟಿಲು ಕಡಿದಾಗೈತೆ, ನಾನೇ ಬರ್ತೀನಿ.

ನಿಂತೇ ಇದ್ದಾರೆ.

ಅಧ್ಯಕ್ಷರೇ, ದಯವಿಟ್ಟು ಇನ್ನೊಂದು ಕುರ್ಚಿ ಹಾಕಿಸಿ. ಕರೆದು ಕೂರಿಸಿದ ಬಳಗಕ್ಕೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ನಾನು ಕೆಳಗಿಳಿಯುತ್ತಿದ್ದೇನೆ. ನಮಸ್ಕಾರ.