ಮುಖಕ್ಕೆ ಬರದ ಗೆರೆ

ಸಾಸಲು ಹೋಬಳೀಲಿ ಮೊಟ್ಟಮೊದಲು ಕ್ಯಾಮೆರಾ ಮುಟ್ಟಿದ ಕೈ ಇದು. ನೋಡಿದ ಮೂವರೂ ಮಣ್ಣಾದ್ರು, ಇನ್ಯಾರನ್ನ ಕೇಳ್ತೀರಿ? ಆದ್ರೆ ಈ ಕತೆ ನಂದಲ್ಲ. ನಮ್ಮಕ್ಕನ ಮಗ ಭಾನುಪ್ರಕಾಶಂದು. ಹೋದ ಕಾರ್ತೀಕದಲ್ಲಿ ನಡೆದದ್ದು.

ರಾತ್ರಿ ಹನ್ನೊಂದಾಗಿತ್ತು. ಭಾನು ಕ್ಯಾಮೆರಾ ಕೊರಳಿಗೆ ನೇತಾಕ್ಕೊಂಡು ಒಬ್ಬನೇ ಮನೆಗೆ ಬರ್ತಿದ್ದ. ದಾರಿಯ ಎಡಕ್ಕೆ ಆಲದಮರ, ಬಲಕ್ಕೆ ಮೊಣಕಾಲೆತ್ತರ ಕಟ್ಟೆಯ ಹಳೇ ಬಾವಿ. ಕಾಲು ಮುಂದಕ್ಕೇ ಬರ್ತಿರಲಿಲ್ಲ... ಹೆದರಿಕೆಗಲ್ಲ, ನಾಚಿಕೆಗೆ.

ಯಾಕೆ ಅಂದ್ರೆ ಕೇಳಿ. ಮಗ್ಗದ ಸೀನಪ್ಪನ ಮಗಳು ಅನಿತ ಹಿಂದಿನ ದಿನ ಇದೇ ಬಾವಿಗೆ ಜಾರಿ ಬಿದ್ದು ಸತ್ತಿದ್ಲು. ಅವಳ ಫೋಟೋ ಎಲ್ಲಾ ಇದ್ದದ್ದು ಅವಳ ಫೋನಲ್ಲಿ. ಫೋನೂ ಅವಳ ಜೊತೇಲೇ ಮುಳುಗಿತ್ತು. ಮಣ್ಣಿಗೆ ಎತ್ತೋ ಮುಂಚೆ ಹೆಣಾನ ಕೂರಿಸಿ ಒಂದು ಫೋಟೋ ತೆಗೆಸೋದು ನಮ್ಮ ಕಡೆ ವಾಡಿಕೆ ತಾನೇ. ಮದುವೆಗೆ ಅಂತ ಅಪ್ಪ ನೇಯ್ದಿದ್ದ ಕೆಂಪು ಸೀರೇನೇ ಉಡಿಸಿ, ಗೋಡೆಗೆ ಒರಗಿಸಿದ್ರು. ತಾಯಿ ಅಂಜನಮ್ಮ ಭಾನೂಗೆ ಕೈಮುಗಿದು, "ಗೋಡೆಗೆ ಹಾಕಕ್ಕೆ ಅವಳ ಮುಖ ಒಂದು ಉಳಿಸಿಕೊಡಪ್ಪಾ" ಅಂದ್ಲು.

ಭಾನುವಿನ ಲೆನ್ಸು ಹಳೇದು, ಚಿತ್ರ ಚೂಪಾಗಕ್ಕೆ ಅದರ ಉಂಗುರ ಕೈಯಲ್ಲೇ ತಿರುಗಿಸಬೇಕು. ಅದಕ್ಕೆ ಪರದೇಲಿ ಒಂದು ಸೆಟ್ಟಿಂಗ್ ಮಡಗಿದ್ದ. ಯಾವುದು ಚೂಪಾಗಿ ಬೀಳ್ತದೋ ಅದರ ಅಂಚಿಗೆ ಕೆಂಪು ಗೆರೆ ಮಿನುಗ್ತದೆ. ಸೀರೆನೂ ಕೆಂಪು, ಗೆರೆನೂ ಕೆಂಪು, ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ಮಡಿಲ ಮೇಲಿನ ಜರಿ ಮಿಣಮಿಣ ಅಂತಲೇ ಸರಿಯಾಯ್ತು ಅಂತ ಒತ್ತಿಬಿಟ್ಟ. ಮುಖಾನ ಪರದೇಲಿ ದೊಡ್ಡದು ಮಾಡಿ ನೋಡಲಿಲ್ಲ. ಮಣ್ಣು ಮುಗಿದ ಮೇಲೆ ನೋಡಿದ್ರೆ ಜರಿ ಎಳೆ ಎಳೆ ಎಣಿಸಬಹುದು... ಮುಖ ಬರೀ ಹೊಗೆ.

ಅದನ್ನೇ ಅಂಜನಮ್ಮನಿಗೆ ಹೇಳಿ ಬರ್ತಿದ್ದ. ಅವಳು ಬೈಯಲಿಲ್ಲ. "ಹೋಗಲಿ ಬಿಡಪ್ಪಾ" ಅಂದು ಬಾಗಿಲು ಹಾಕ್ಕೊಂಡ್ಲು.

ಆಲದ ಕೆಳಗೆ ಸದ್ದು. ಸರ್... ಸರ್... ಗಂಜಿ ಹಾಕಿದ ಹೊಸ ಸೀರೆ ನೆಲ ಸವರೋ ಸದ್ದು. ನಡುನಡುವೆ ನೀರಿನ ತೊಟ್ಟು, ತಪ್... ತಪ್. ಬೆಳದಿಂಗಳಿತ್ತು. ಯಾರೂ ಇಲ್ಲ.

ಕಣ್ಣಿಗೆ ಕಾಣದ್ದು ಪರದೇಲಿ ಕಂಡೀತು ಅಂತ ಕ್ಯಾಮೆರಾ ಎತ್ತಿದ. ಗೆರೆಯ ಬಣ್ಣ ಸಂಜೆಗೇ ನೀಲಿಗೆ ಬದಲಾಯಿಸಿದ್ದ. ಖಾಲಿ ಜಾಗದಲ್ಲಿ ನೀಲಿ ಗೆರೆ ಒಂದು ಅಂಚು ಬರೀತಿತ್ತು... ಸೀರೆ ಅಂಚು.

"ಭಾನಣ್ಣಾ... ಮುಖ ಬಂತಾ?"

"ಇಲ್ಲ ಕಣಮ್ಮಾ."

"ಈಗ ತೆಗಿ."

ಓಡಬಹುದಿತ್ತು. ಆದ್ರೆ ಆ ತಾಯಿ ಮುಖ ಕಣ್ಣಲ್ಲಿತ್ತು. ಉಂಗುರ ತಿರುಗಿಸಿದ. ಗೆರೆ ನೆರಿಗೆ ಬಿಟ್ಟು ಸೊಂಟಕ್ಕೆ, ಕೊರಳಿಗೆ, ಗದ್ದಕ್ಕೆ... ಅಷ್ಟರಲ್ಲಿ ಅವಳು ಒಂದು ಹೆಜ್ಜೆ ಮುಂದೆ ಬಂದ್ಲು. ಗೆರೆ ಆರಿಹೋಯ್ತು. ಮತ್ತೆ ತಿರುಗಿಸಿದ. ಮತ್ತೆ ಬಂದ್ಲು. ಉಂಗುರ ಟಕ್ ಅಂತ ಕೊನೆಗೆ ನಿಂತಿತು. ಇನ್ನು ಹತ್ತಿರ ಬಂದ್ರೆ ಆ ಲೆನ್ಸಿಗೆ ಸಿಗಲ್ಲ.

"ಅಲ್ಲೇ ನಿಲ್ಲಮ್ಮಾ," ಪಿಸುಗುಟ್ಟಿದ.

"ನಿಂತೇ ಇದೀನಲ್ಲಣ್ಣಾ."

ತಪ್... ತಪ್. ಪರದೆಯಿಂದ ಕಣ್ಣು ಕೀಳದೆ ಅವನೇ ಒಂದು ಹೆಜ್ಜೆ ಹಿಂದಕ್ಕಿಟ್ಟ. ಗದ್ದಕ್ಕೆ ಗೆರೆ ಬಂತು. ಇನ್ನೊಂದು ಹೆಜ್ಜೆ. ತುಟಿಗೆ ಬಂತು. ಇನ್ನೊಂದು... ಕಾಲ ಹಿಂದೆ ಕಲ್ಲು ತಣ್ಣಗೆ ತಗುಲಿತು.

ಬೆಳಗ್ಗೆ ಬಾವಿಯಿಂದ ಎತ್ತಿದ್ರು. ಉಸಿರಿರಲಿಲ್ಲ. ಕೊರಳಲ್ಲಿದ್ದ ಕ್ಯಾಮೆರಾ ಮಾತ್ರ ಕಟ್ಟೆ ಮೇಲೆ, ಒಂದು ಹನಿ ನೀರು ತಾಕದೆ ಕೂತಿತ್ತು. ಅದರಲ್ಲಿ ಅನಿತಳ ಮುಖ ಇರಲಿಲ್ಲ. ಅಂಜನಮ್ಮನ ಗೋಡೇಲಿ ಇವತ್ತಿಗೂ ಆ ಹೊಗೆ ಮುಖಾನೇ. ಕ್ಯಾಮೆರಾದಲ್ಲಿದ್ದ ಕೊನೇ ಫೋಟೋ ಭಾನೂದು. ಎದುರಿಂದ ತೆಗೆದದ್ದು. ರೆಪ್ಪೆಯ ಕೂದಲು ಒಂದೊಂದೂ ಬೇರೆ ಬೇರೆಯಾಗಿ ಕಾಣ್ತಿತ್ತು. ನಾನೇ ಕಣ್ಣಾರೆ ನೋಡಿದೀನಿ.

ಜಗಲಿ ಮೂಲೇಲಿ ಕೂತಿದ್ದ ಮೊಮ್ಮಗಳು ಶಶಿರೇಖಾ ಕೇಳಿದ್ಲು, "ತಾತ, ಅವನಿದ್ದದ್ದು ಒಬ್ಬನೇ. ಬಾವೀಲೇ ಸತ್ತ. ಹಂಗಾದ್ರೆ ಅವಳು ಮಾತಾಡಿದ್ದು ನಿನಗ್ಯಾರು ಹೇಳಿದ್ರು?"

ನಾನು ಪಂಚೆ ಕೊಡವಿ ಎದ್ದೆ.

"ನಡೆದದ್ದಂತೂ ನಡೀತು ಕಣವ್ವಾ."