ಭಾನುವಾರಕ್ಕೊಂದು ತಪ್ಪು

...ಅಯ್ಯೋ, ನಗಬೇಡ ಕಣೇ ದೀಪು! ನಗೋ ವಿಷಯ ಅಲ್ಲ ಇದು. ಇಲ್ನೋಡು, ಫೇಸ್‌ಬುಕ್ಕಲ್ಲಿ ಹೋದ ಭಾನುವಾರ ಹಾಕಿದ್ದು. "ಮುರಳಿಯವರ ಕಪ್ಪು ಪರದೆಯ ಕೈಪಿಡಿ, ಏಳನೇ ಪಾಠ. ಫೈಲಿನ ಹೆಸರು ಬದಲಾಯಿಸೋ ಕಮಾಂಡ್ ಅಂತ ಕೊಟ್ಟಿದ್ದಾರೆ, ಅದು ನಕಲು ಮಾಡೋ ಕಮಾಂಡ್." ಅದರ ಹಿಂದಿನ ವಾರದ್ದು ಓದು. ಒಂದು ಚಿತ್ರದ ಕೆಳಗೆ ಇನ್ಯಾವುದೋ ಚಿತ್ರದ ವಿವರಣೆ! ಹಿಂಗೆ ಭಾನುವಾರಕ್ಕೊಂದು ತಪ್ಪು. ಜನ ಕಾಯ್ತಿರ್ತಾರೆ ಕಣೇ, ಶಶಿಕುಮಾರ್ ಇವತ್ತು ಏನು ಹಿಡಿದ ಅಂತ. "ಈ ಪುಸ್ತಕಾನ ನೀವೇ ಬರೀಬೇಕಿತ್ತು ಸಾರ್" ಅಂತ ಒಬ್ಬ ಬರ್ದಿದ್ದಾನೆ, ನೋಡು, ನೋಡು...

ಏನಂದೆ? ತಪ್ಪಿನ ಮಾವ? ಯಾರು ಹಂಗೆ ಕರೆಯೋದು ನನ್ನ? ನಿಮ್ಮಮ್ಮನಾ! ಅಕ್ಕನಿಗೆ ಜಿಗಣೀಲಿ ಕೂತ್ಕೊಂಡು ಬೇರೆ ಕೆಲಸ ಇಲ್ಲ. ಹೋಗ್ಲಿ, ಬೆಳಿಗ್ಗೆಯಿಂದ ಅತ್ಕೊಂಡಿದ್ದೋಳು ನಕ್ಕೆಯಲ್ಲ, ಅಷ್ಟು ಸಾಕು. ಕಾಫಿ ಕುಡಿ, ಆರತ್ತೆ.

ಈಗ ಕೇಳು. ನಾಳೆ ನಿಮ್ಮ ಮ್ಯಾನೇಜರ್ ಮುಂದೆ ನಾನು ಹೇಳೋದು ಸರಿ ಇದ್ಯಾ ನೋಡು. "ಇದು ನಮ್ಮ ಹುಡುಗಿ ದೀಪಶ್ರೀ ತಪ್ಪಲ್ಲ ಸಾರ್, ಪುಸ್ತಕದ ತಪ್ಪು." ಅಷ್ಟೇ! ಮೌಸ್ ಮುಟ್ಟದೆ, ಕಪ್ಪು ಪರದೆ ಮೇಲೆ ಟೈಪ್ ಮಾಡಿ ಕಂಪ್ಯೂಟರ್ ಹತ್ರ ಕೆಲಸ ಮಾಡ್ಸೋಕೆ ಕಲಿಸೋ ಪುಸ್ತಕ ಇದು. ಮೊದಲನೇ ಪಾಠದಲ್ಲೇ ಏನಂತ ಬರ್ದಿದೆ? "ಪುಟದಲ್ಲಿ ಸಾಲು ಮುಗಿದ ಕೂಡಲೇ ಎಂಟರ್ ಒತ್ತಿ." ಒತ್ತಿದೆ ನೀನು. ಕಲಿಸಿದ ಹಂಗೆ ಮಾಡಿದೆ. ಅಳಿಸೋ ಪಾಠಕ್ಕೆ ಬಾ... ಹಾ, ಇದೇ ಪುಟ. ಅಳಿಸು, ಈ ಜಾಗದಲ್ಲಿ, ಇಂಥ ಹಳೇ ಫೋಲ್ಡರ್ ಮಾತ್ರ. ಮೂರೂ ಒಂದೇ ಸಾಲಲ್ಲಿ ಇರಬೇಕು ತಾನೇ? ಇಲ್ಲಿ ಏನಾಗಿದೆ? ಪುಟ ಚಿಕ್ಕದು, ಸಾಲು ಹಿಡಿಸಿಲ್ಲ, ಮಧ್ಯಕ್ಕೆ ಮುರಿದಿದೆ. "ಈ ಜಾಗದಲ್ಲಿರೋದೆಲ್ಲ ಅಳಿಸು" ಅಂತ ಮೇಲಿನ ಸಾಲು ಮುಗೀತು. ಹಳೇ ಫೋಲ್ಡರಿನ ಹೆಸರು ಪಾಪ, ಒಂಟಿಯಾಗಿ ಕೆಳಗಡೆ ಬಂದು ಕೂತಿದೆ! ನೀನು ಮೇಲಿನ ಸಾಲು ಹೊಡೆದೆ, ಎಂಟರ್ ಒತ್ತಿದೆ. ನಿಮ್ಮ ಟೀಮಿನವರ ಅಷ್ಟೂ ಟೆಸ್ಟಿಂಗ್ ಕೆಲಸ... ಹುಂ. ಅಳಬೇಡ. ಅಳಬೇಡ ಅಂದೆ.

ಪ್ರೊಬೇಷನ್ ಆದ್ರೇನು? ಗೊತ್ತಿರೋರನ್ನ ಕರ್ಕೊಂಡು ಬಾ ಅಂತ ಅವರೇ ಅಂದಿದ್ದಾರಲ್ಲ, ನಾನು ಬರ್ತೀನಿ. ನಿನ್ನ ಕೆಲಸ ಉಳಿಯತ್ತೆ. ಎಲೆಕ್ಟ್ರಾನಿಕ್ ಸಿಟಿ ತನಕ ಈ ಟ್ರಾಫಿಕ್ಕಲ್ಲಿ, ಯಾರಿಗೋಸ್ಕರ ಹೋಗ್ತೀನಿ ನಾನು? ಸೋದರಮಾವ ಕಣೇ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನಿಮ್ಮನೆಗೆ ಬಂದಾಗ ನೋಡಿದ್ನಲ್ಲ, ನೀನು ನಡುಮನೇಲಿ ಕೂತು ಇದನ್ನೇ ಓದ್ತಿದ್ದೆ, ಕ್ಯಾಲೆಂಡರ್ ಹಾಳೇಲಿ ಬೈಂಡ್ ಬೇರೆ ಹಾಕಿದ್ದೆ. ನಮ್ಮ ಮಗು ಇಷ್ಟು ಶ್ರದ್ಧೆಯಿಂದ ಓದ್ತಿರೋದು ಆ ಮುರಳಿ ಹೆಸರಿನ ಪುಸ್ತಕ!

ಅವನು ಫೋನ್ ಮಾಡಿದ್ನಾ? ಯಾವಾಗ? ...ನಿನ್ನೆ! ಅತ್ನಾ? ಮುರಳಿ ಅತ್ನಾ! "ನನ್ನ ತಪ್ಪು, ನಾನೇ ಬಂದು ನಿಮ್ಮ ಆಫೀಸಲ್ಲಿ ಹೇಳ್ತೀನಿ" ಅಂದ್ನಾ... ನೋಡಿದ್ಯಾ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಬೇರೆ ಯಾರ ಹೆಸರಾದ್ರೂ ಹೇಳಿದ್ನಾ? ...ಇಲ್ವಾ. ಯಾರದ್ದೂ ಇಲ್ವಾ. ಸರಿ. ಸುಮ್ನೆ ಕೇಳ್ದೆ.

ಅವನಿಗೆ ಕನಿಕರ ತೋರಿಸ್ಬೇಡ ನೀನು. ನಿಮಗೆಲ್ಲ ಶನಿವಾರ ಪುಕ್ಸಟ್ಟೆ ಪಾಠ ಮಾಡ್ತಾನೆ ಅಂತ ದೇವರಾಗಿಬಿಟ್ಟ, ಮುರಳಿ ಸಾರ್, ಮುರಳಿ ಸಾರ್! ಅವನು ಇದೇ ಮನೆ ಮೇಲ್ಗಡೆ ಬಾಡಿಗೆಗೆ ಇದ್ದೋನು. ಆವಾಗಿನ್ನೂ ಕುಂದಲಹಳ್ಳೀಲಿ ಇಷ್ಟೊಂದು ಪೀಜಿ ಎದ್ದಿರ್ಲಿಲ್ಲ. ಸಂಜೆ ಆದ್ರೆ ತಾರಸಿ ಮೇಲೆ ಇಬ್ರೂ ಕೂತ್ಕೋತಿದ್ವಿ. ಅವನು ಬರೀತಿದ್ದ, ನಾನು ಒಂದೊಂದು ಕಮಾಂಡೂ ನನ್ನ ಲ್ಯಾಪ್‌ಟಾಪಲ್ಲಿ ಹೊಡೆದು ನೋಡಿ, ಇದು ಸರಿ, ಇದು ತಪ್ಪು ಅಂತ ಹೇಳ್ತಿದ್ದೆ. ಅರ್ಧ ಪಾಠದ ಉದಾಹರಣೆ ನಂದು! ನಿಮ್ಮಜ್ಜಿ ಮೆಟ್ಲು ಹತ್ತಿ ಬಂದು, "ಏನ್ರಪ್ಪಾ ಅದು, ಇಂಗೆ ಪೇಪರ್ ಗುಡ್ಡೆ ಆಕೊಂಡು ಕುಂತಿದ್ದೀರ ಇಬ್ರೂವೆ" ಅಂತ ಬೋಂಡ ಕೊಟ್ಟು ಹೋಗೋರು. "ಇಬ್ಬರ ಹೆಸರೂ ಹಾಕ್ಸೋಣ ಶಶಿ" ಅಂದಿದ್ದ. ಅವನ ಬಾಯಲ್ಲೇ ಬಂದ ಮಾತು ಅದು.

ನಿಂಗೆ ಇದು ಅರ್ಥ ಆಗಲ್ಲ. ನಂಗೇನು ಕಮ್ಮಿ ಅಂತೀಯ, ಅಲ್ವಾ? ಬಾಡಿಗೆ ಬರತ್ತೆ, ಕೆಳಗಡೆ ಪೀಜಿ ಇದೆ. ಆದ್ರೆ ಈ ಊರಲ್ಲಿ ನಾನು ಯಾರು ಹೇಳು? ಆವಲಪ್ಪನ ಮಗ. ಬಿಲ್ಡಿಂಗ್ ಓನರ್. ಟ್ಯಾಂಕರ್ ಬಂದಿಲ್ಲ ಅಂತ, ಗೀಸರ್ ಕೆಟ್ಟಿದೆ ಅಂತ ಬಾಗಿಲು ತಟ್ಟೋಕೆ ಒಬ್ಬ ಅಂಕಲ್! ಒಂದೇ ಒಂದು ಪುಸ್ತಕದ ಮೇಲೆ, ಮುಖಪುಟದ ಮೇಲೆ, ಶಶಿಕುಮಾರ್ ಅಂತ ಇರಬೇಕು... ಅದಷ್ಟೇ ಕೇಳ್ಕೊಂಡಿದ್ದು ನಾನು ದೇವರ ಹತ್ರ. ಎಲ್ಲಿ ಹಾಕ್ಸಿದಾನೆ ಗೊತ್ತಾ ನನ್ನ ಹೆಸರು? ಕೊಡಿಲ್ಲಿ. ಇಲ್ಲಿ, ಕೊನೇ ಹಾಳೆ, ಕೃತಜ್ಞತೆ. ಪುಟ ಜೋಡಿಸಿದ ಮರೆಪ್ಪನ ಹೆಸರಾದ ಮೇಲೆ ನನ್ನ ಹೆಸರು! ಮರೆಪ್ಪ ಆದ ಮೇಲೆ!

ಹೂಂ, ಹೊಟ್ಟೆಕಿಚ್ಚು ಅಂತಾನೇ ಇಟ್ಕೋ. ಉರಿಯತ್ತೆ. ಉರೀದೆ ಏನು?

ಮುಖಪುಟದ ಮೇಲೆ ನನ್ನ ಹೆಸರಿಲ್ಲ ಅಂತ ಬಿಡುಗಡೆ ದಿನಾನೇ ಗೊತ್ತಾಗಿದ್ದು ನಂಗೆ. ಪಟ್ಟಂದೂರು ಅಗ್ರಹಾರದಲ್ಲಿ ಫಂಕ್ಷನ್ನು, ಹೊಸ ಷರಟು ಹಾಕ್ಕೊಂಡು ಹೋಗಿದ್ದೆ. ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದ್ರು. ನೋಡಿದೆ. ಒಂದೇ ಹೆಸರು. ಚಪ್ಪಾಳೆ ಹೊಡೆದು ಎದ್ದು ಬಂದೆ. ಅದಾದ ಮೇಲೆ ಶುರು ಮಾಡಿದ್ದು ಭಾನುವಾರದ್ದು.

ಏನು? ...ಇದನ್ನ ಯಾಕೆ ಹಾಕಿಲ್ಲ ಅಂದ್ರೆ? ಯಾವುದನ್ನ?

ಓ, ಈ ಮುರಿದ ಸಾಲನ್ನಾ. ಅಲ್ಲ... ಎಲ್ಲಾ ತಪ್ಪೂ ಒಟ್ಟಿಗೆ ಕಣ್ಣಿಗೆ ಬೀಳತ್ತಾ ದೀಪು? ಚಿಕ್ಕಪುಟ್ಟದ್ದೆಲ್ಲ ಸಿಕ್ತು, ಇದು ತಪ್ಪಿಸ್ಕೊಳ್ತು. ನೀನು ಮೊನ್ನೆ ಫೋನ್ ಮಾಡಿದಾಗಲೇ ನಾನು ನೋಡಿದ್ದು, ನಿಮ್ಮಮ್ಮನಾಣೆ. ನಾನು ಪರೀಕ್ಷೆ ಮಾಡಿದ್ದು ಮನೇಲಿ, ದೊಡ್ಡ ಹಾಳೆ ಮೇಲೆ ತೆಗೆದ ಪ್ರಿಂಟಲ್ಲಿ. ದೊಡ್ಡ ಹಾಳೇಲಿ ಸಾಲು ಮುರಿದೇ ಇರ್ಲಿಲ್ಲ! ಆಮೇಲೆ ಪ್ರೆಸ್ಸಿನವರು ಪುಸ್ತಕದ ಸೈಜು ಚಿಕ್ಕದು ಮಾಡಿದ್ರು, ಅಲ್ಲಿ ಹಾಳಾಯ್ತು. ಆ ಪ್ರೆಸ್ಸಿಗೆ ನಾನು ಕಾಲೇ ಇಟ್ಟಿಲ್ಲ. ಮುರಳಿ ನೋಡ್ಬೇಕಿತ್ತು. ನೋಡ್ಲಿಲ್ಲ. ತಾಯಿ ತಿಥಿ ಅಂತ ಊರಿಗೆ ಹೋಗಿ ಕೂತಿದ್ದ. ಪುಸ್ತಕ ಬರೆಯೋನಿಗೆ ಅಷ್ಟೂ ಜವಾಬ್ದಾರಿ ಬೇಡ್ವಾ?

ಮತ್ತೆ ಆ ಪ್ರೆಸ್ಸೋ, ಕೇಳ್ಬೇಡ! ಪೀಣ್ಯದಲ್ಲಿ, ಲೇತ್ ಮಷೀನುಗಳ ಸಂದೀಲಿ ಒಂದು ಗೂಡು. ಆ ಮರೆಪ್ಪ ಒಂದು ಕೈಯಲ್ಲಿ ಚಿತ್ರಾನ್ನ ತಿಂತಾ ಇನ್ನೊಂದು ಕೈಯಲ್ಲಿ ಪುಟ ಜೋಡಿಸ್ತಾನೆ. ಕೊನೇ ಪ್ರೂಫ್ ಹಾಳೆ ಮೇಲೆಲ್ಲ ಹಳದಿ ಬೆರಳು! ಈ ಪುಟದ ಮೇಲೇ ಕಣೇ, ಸರಿಯಾಗಿ ಈ ಮುರಿದ ಸಾಲಿನ ಪಕ್ಕಕ್ಕೆ, ಯಾರೋ ಬೊಟ್ಟು ಮಾಡಿ ತೋರ್ಸಿದಂಗೆ ಅರಿಶಿನದ ಗುರುತು. ಕುರುಡನಿಗೂ ಕಾಣ್ಬೇಕು! ಅಷ್ಟು ಚೆನ್ನಾಗಿ...

ಏನು?

ಯಾಕೆ ಹಂಗೆ ನೋಡ್ತೀಯ?

ನಾನೇ ನೋಡಿದ್ದೆ ಅಂತೀಯಾ... ಇಲ್ಲ, ಮರೆಪ್ಪ ಹೇಳಿದ್ದು. ಯಾವಾಗಲೋ ಸಿಕ್ಕಿದ್ದ. ಅಥವಾ ಆ ದೊಡ್ಡ ಹಾಳೆ ಮೇಲಿತ್ತೋ ಏನೋ ಆ ಅರಿಶಿನ. ಹಾ, ದೊಡ್ಡ ಹಾಳೇನೇ ಇರ್ಬೇಕು. ...ದೊಡ್ಡ ಹಾಳೇಲಿ ಸಾಲು ಮುರಿದಿರ್ಲಿಲ್ಲ ಅಂತ ನಾನೇ ಅಂದ್ನಾ? ಈಗಷ್ಟೇ? ಅಂದಿರ್ತೀನಿ. ಮಾತಿಗೆ ಮಾತು ಹಿಡೀತೀಯಲ್ಲ, ನೀನೇನು ಲಾಯರಾ?

ಮಾತಾಡು. ಏನಾದ್ರೂ ಕೇಳೋದಿದ್ರೆ ಕೇಳ್ಬಿಡು. ಕೆಳಗೆ ಟ್ಯಾಂಕರ್ ಬಂದಿದೆ, ಆ ಸದ್ದಲ್ಲಿ ನೀನು ಏನಂದ್ರೂ ಕೇಳ್ಸಲ್ಲ... ಆ ಸಾಲಿನ ಮೇಲೇ ಬೆರಳಿಟ್ಯಾ. ಸರಿ.

ಮುಖಪುಟ ಆ ಪ್ರೂಫ್ ಪಕ್ಕದಲ್ಲೇ ಇತ್ತು ಕಣೇ. ಮರೆಪ್ಪನ ಮೇಜಿನ ಮೇಲೆ. ಇನ್ನೂ ಇಂಕಿನ ವಾಸನೆ. ಮುರಳಿ ಅಂತ ಇಷ್ಟು ದಪ್ಪ ಅಕ್ಷರ. ತಿರುಗಿಸಿ ನೋಡಿದೆ, ಹಿಂದ್ಗಡೆ ಇರಬಹುದು ಅಂತ. ಹಿಂದ್ಗಡೆ ಅವನ ಫೋಟೋ ಇತ್ತು. ಮರೆಪ್ಪ ಪೆನ್ನು ಚಾಚಿದ. "ಎಲ್ಲ ಸರಿ ಇದ್ರೆ ಓಕೆ ಅಂತ ಬರೀರಿ ಸಾರ್, ಶಶಿ ನೋಡಿದ್ರೆ ಸಾಕು, ನಾನು ನೋಡೋದೇ ಬೇಡ ಅಂದಿದ್ದಾರೆ ಮುರಳಿ ಸಾರ್" ಅಂದ.

ಅವನ ಪುಸ್ತಕ ತಾನೇ? ಅವನ ಹೆಸರು ತಾನೇ ಮೇಲಿರೋದು? ಹೆಸರಿಲ್ಲದೋನು ಯಾಕೆ ತಿದ್ದಬೇಕು! ಹೇಳು, ನೀನೇ ಹೇಳು! ಯಾರೋ ಒಬ್ಬ ಎಂಟರ್ ಒತ್ತುತಾನೆ, ಯಾರದ್ದೋ ಮನೇಲಿ ಯಾವುದೋ ಹಳೇ ಫೋಟೋ ಹೋಗತ್ತೆ, ಬಂದು ಮುರಳಿ ಕಾಲರ್ ಹಿಡೀತಾನೆ ಅಂತ... ಯಾರೋ ಒಬ್ಬ ಅಂತ ಕಣೇ. ನೀನು ಅಂತ ಅಲ್ಲ.

ಯಾಕೆ ಎದ್ದೆ? ಕಾಫಿ ಹಂಗೇ ಇದೆ. ಕೂತ್ಕೋ. ನಾಳೆ ಎಷ್ಟೊತ್ತಿಗೆ ಬರ್ಲಿ, ಅದು ಹೇಳು. ನಾನು ಬಂದು ಹೇಳಿದ್ರೆ ನಿನ್ನ ಕೆಲಸ... ಬರೋದು ಬೇಡ್ವಾ? ಮುರಳೀನ ಕರೀತೀಯಾ? ...ದೀಪು, ಬ್ಯಾಗು ಇಡು. ಪುಸ್ತಕ ಇಲ್ಲೇ ಬಿಡು, ಪ್ರತಿಯೊಂದು ಪುಟಾನೂ ತಿದ್ದಿ ಕೊಡ್ತೀನಿ, ಇವತ್ತೇ ಕೊಡ್ತೀನಿ...

ಅದನ್ನ ಯಾಕೆ ನನ್ನ ಮುಖದ ಮುಂದೆ ಹಿಡೀತೀಯ? ಗೊತ್ತು. ಕ್ಯಾಲೆಂಡರ್ ಹಾಳೆ ಬೈಂಡು. ಗೌರಿ ಹಬ್ಬದ ದಿನ ನೋಡಿದ್ದೀನಿ. ಮರ್ತಿಲ್ಲ. ಅವತ್ತು ನೀನಿನ್ನೂ ಎರಡನೇ ಪಾಠದಲ್ಲಿದ್ದೆ, ಈ ಪುಟ ಇನ್ನೂ ಬಹಳ ದೂರ ಇತ್ತು... ಬಾಗಿನದ ಮೊರ ನನ್ನ ಕೈಯಲ್ಲೇ ಇತ್ತು, ನಿಮ್ಮಮ್ಮ ಅರಿಶಿನ ಕುಂಕುಮ ತರೋಕೆ ಒಳಗೆ ಹೋಗಿದ್ಲು. ನಾಲಿಗೆ ತುದಿಗೆ ಬಂದಿತ್ತು ದೀಪು, ದೇವರಾಣೆ ಬಂದಿತ್ತು. ಆದ್ರೆ ಹೇಳಿದ್ರೆ... ಹೇಳಿದ್ರೆ, ನಿಂಗೆ ಹೆಂಗೆ ಗೊತ್ತು ಮಾವ ಅಂತ ಕೇಳ್ತಿದ್ದೆಯಲ್ಲೇ ನೀನು!