ನೆಲಕ್ಕೆ ಹಾಸಿದ ಬೀಸುವ ಕಲ್ಲು

ದೂರದ ಯುರೋಪಿನಲ್ಲಿ, ಏಳೆಂಟು ನೂರು ವರ್ಷಗಳ ಹಿಂದೆ, ಒಬ್ಬ ದೊರೆ ಇದ್ದನೆಂದು ಇಟ್ಟುಕೊಳ್ಳಿ. ನಮ್ಮ ಪಾಳೇಗಾರರ ಹಾಗೆ. ರಾಜ ಅವನಿಗೆ ಸೀಮೆ ಕೊಟ್ಟಿದ್ದ. ಯುದ್ಧ ಬಂದಾಗ ಅವನು ರಾಜನಿಗೆ ಕುದುರೆ, ಸವಾರರನ್ನು ಕೊಡಬೇಕು. ಆ ಕುದುರೆಗೆ ಹುಲ್ಲು, ಆ ಸವಾರನಿಗೆ ರೊಟ್ಟಿ ಎಲ್ಲಿಂದ ಬರಬೇಕು? ರೈತನಿಂದ. ರೈತ ಎಂಥವನು? ಮಣ್ಣಿಗೆ ಕಟ್ಟಿಹಾಕಿದವನು. ದೊರೆಯನ್ನು ಕೇಳದೆ ಊರು ಬಿಡುವಂತಿಲ್ಲ, ದೊರೆಯನ್ನು ಕೇಳದೆ ಮಗಳ ಮದುವೆ ಮಾಡುವಂತಿಲ್ಲ. ಹೊಲ ಕೈಬದಲಾದರೆ ಹೊಲದ ಜೊತೆ ಅವನೂ ಕೈಬದಲಾದ. ಇದನ್ನು ಧರ್ಮ ಎಂದರು! ಒಬ್ಬ ಕಾದಾಡಲಿಕ್ಕೆ, ಒಬ್ಬ ಪ್ರಾರ್ಥಿಸಲಿಕ್ಕೆ, ಒಬ್ಬ ದುಡಿಯಲಿಕ್ಕೆ ಎಂದು ದೇವರೇ ಹುಟ್ಟಿಸಿದ್ದಾನೆ ಎಂದರು. ದೇವರು ಇದನ್ನು ಯಾರ ಕಿವಿಯಲ್ಲಿ ಹೇಳಿದ? ದುಡಿಯುವವನ ಕಿವಿಯಲ್ಲಂತೂ ಹೇಳಲಿಲ್ಲ.

ದೊರೆ ಧರ್ಮಯುದ್ಧವೆಂದು ಸಮುದ್ರ ದಾಟಿ ಹೋದ, ಜೀವಂತ ತಿರುಗಿ ಬಂದ. ಹರಕೆ ತೀರಿಸಬೇಕಲ್ಲ? ಚರ್ಚು ಕಟ್ಟಿಸಲು ನಿಂತ. ಅದರ ಖರ್ಚಿಗೆ ಹೊಳೆಯ ದಂಡೆಯಲ್ಲಿ ನೀರಿನಿಂದ ತಿರುಗುವ ಗಿರಣಿ ಹಾಕಿಸಿದ. ಊರಿನ ಕಾಳೆಲ್ಲ ಅಲ್ಲೇ ಹಿಟ್ಟಾಗಬೇಕು, ಪ್ರತಿ ಚೀಲದಲ್ಲೂ ದೊರೆಯ ಪಾಲು ಇಳಿಯಬೇಕು ಎಂದು ಡಂಗುರ ಹೊಡೆಸಿದ. ನೋಡಿ, ಕಳ್ಳತನವಲ್ಲ, ಕೊಲೆಯಲ್ಲ. ತಾನು ಬೆಳೆದ ಕಾಳನ್ನು ತನ್ನ ಮನೆಯಲ್ಲಿ ಬೀಸಿಕೊಳ್ಳುವುದೇ ಅಪರಾಧವಾಯಿತು!

ಆ ಊರಿನಲ್ಲಿ ಒಬ್ಬ ಮುದುಕಿ. ಒಬ್ಬಳೇ ಮಗಳು ಜ್ವರದಲ್ಲಿ ತೀರಿಹೋಗಿದ್ದಳು. ಅವಳು ಬಿಟ್ಟುಹೋದ ಕೂಸು ಮುದುಕಿಯ ಮಡಿಲಲ್ಲಿತ್ತು. ಅವಳು ಬಿಟ್ಟುಹೋದದ್ದು ಇನ್ನೊಂದು ಇತ್ತು. ತಾಯಿ ಮಗಳು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದ ಕಲ್ಲಿನಲ್ಲಿ, ಮಗಳು ಹಿಟ್ಟು ಬಳಿಯುತ್ತಿದ್ದ ಕಡೆ, ಕೆಳಗಲ್ಲಿನ ಅಂಚು ಅವಳ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಮುದುಕಿ ಒಬ್ಬಳೇ ಬೀಸುವಾಗ ಆಗಾಗ ಅಲ್ಲಿ ಕೈಯಿಡುತ್ತಿದ್ದಳು. ಮಕ್ಕಳನ್ನು ಮಣ್ಣಿಗೆ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ದೊರೆಯ ಪಾರುಪತ್ಯಗಾರ ಬಂಡಿ ಹೊಡೆಸಿಕೊಂಡು ಬಂದ.

"ಏ ಮುದುಕಿ, ಆ ಕಡೆ ಸರಿ. ಕಲ್ಲ ಎತ್ತಾಕ ಬಂದೀವಿ."

"ಯಪ್ಪಾ, ಕೂಸಿನ ಗಂಜಿಗೆ ಬೊಗಸಿ ಕಾಳ ಬೀಸ್ಕೊಂತೀನಿ. ಅದಕ್ಕೂ ಗಿರಣಿ ಬೇಕೇನ್ರಿ?"

"ನಿನ್ನ ರಟ್ಟಿನೋವು ತಪ್ಪಿಸಾಕ ದೊರಿ ಗಿರಣಿ ಹಾಕ್ಯಾರ. ರಾಣಿ ಹಂಗ ಕುಂತ ಉಣ್ಣೋದು ಬಿಟ್ಟು ಅಳ್ತಿಯಲ್ಲ!"

ಆಳುಗಳು ನಕ್ಕರು. ಕಲ್ಲು ಬಂಡಿ ಏರಿತು. ಮನೆಮನೆಯ ಕಲ್ಲೂ ಏರಿತು, ಒರಳು ಒನಕೆಯೂ ಏರಿದವು. ಅಷ್ಟು ಕಲ್ಲುಗಳನ್ನು ದೊರೆ ಏನು ಮಾಡಿದ ಗೊತ್ತೇ? ಚರ್ಚಿನ ನೆಲಕ್ಕೆ ಹಾಸಿಸಿದ! ಊರ ಹೆಂಗಸರ ಬೀಸುವ ಕಲ್ಲುಗಳನ್ನು ಸಾಲಾಗಿ ಗಾರೆ ಹಾಕಿ ಕೂಡಿಸಿ, ಅವುಗಳ ಮೇಲೆ ನಡೆದುಹೋಗಿ ದೇವರ ಮುಂದೆ ಮಂಡಿಯೂರಿದ. ಕಲ್ಲು ತರಿಸುವ ಖರ್ಚು ಉಳಿಯಿತು. ಊರಿನವರಿಗೆ ತಮ್ಮ ಜಾಗ ಯಾವುದೆಂದು ತಿಳಿಸಿದ ಹಾಗೂ ಆಯಿತು.

ಚಳಿಗಾಲ ಬಂತು. ಆ ದೇಶದ ಚಳಿ ನಮ್ಮದಲ್ಲ. ಹೊಳೆಯೇ ಹೆಪ್ಪುಗಟ್ಟಿತು. ನೀರು ಹರಿಯದ ಮೇಲೆ ಗಿರಣಿ ಎಲ್ಲಿ ತಿರುಗೀತು? ಮನೆಗಳಲ್ಲಿ ಕಾಳಿದೆ, ಹಿಟ್ಟಿಲ್ಲ! ಗಟ್ಟಿ ಹಲ್ಲಿನವರು ಜವೆಗೋಧಿಯನ್ನು ಬೇಯಿಸಿ ಅಗಿದರು. ಕೂಸು ಏನು ಮಾಡಬೇಕು? ಅದಕ್ಕೆ ಜ್ವರ ಬೇರೆ. ಮುದುಕಿ ಒಲೆಗಲ್ಲಿನ ಮೇಲೆ ಕಾಳು ಕುಟ್ಟಿ ನೋಡಿದಳು. ಒರಟು ಹೊಟ್ಟು ಗಂಟಲಿಗೆ ಚುಚ್ಚಿ ಕೂಸು ಕೆಮ್ಮಿ ಉಗುಳಿತು. ತಾನೇ ಅಗಿದು ಕೊಡೋಣವೆಂದರೆ ಅವಳ ಬಾಯಲ್ಲೂ ಹಲ್ಲಿಲ್ಲ. ಕೂಸನ್ನು ಪಕ್ಕದ ಮನೆಯವಳ ಕೈಗಿತ್ತು ಚರ್ಚಿಗೆ ಓಡಿದಳು.

ಒಳಗೆ ಪ್ರಾರ್ಥನೆ ನಡೆದಿತ್ತು. ಇವತ್ತಿನ ರೊಟ್ಟಿಯನ್ನು ಇವತ್ತು ದಯಪಾಲಿಸು ಎಂದು ಪಾದ್ರಿ ದೇವರನ್ನು ಬೇಡುತ್ತಿದ್ದ. ಎಲ್ಲಿ ನಿಂತು? ಬೀಸುವ ಕಲ್ಲಿನ ಮೇಲೆ ನಿಂತು! ಮುದುಕಿ ನೆಲಕ್ಕೆ ಬಿದ್ದು, ಕಲ್ಲಿನಿಂದ ಕಲ್ಲಿಗೆ ಅಂಗೈ ಆಡಿಸುತ್ತ ಹೋದಳು. ನುಣುಪಾದ ಅಂಚು ಸಿಕ್ಕಿತು. ದೊರೆಯ ಕಾಲಿನ ಹತ್ತಿರವೇ ಇತ್ತು.

"ಧಣಿ, ಇದು ನನ್ನ ಕಲ್ಲು. ಒಂದಿನದ ಮಟ್ಟಿಗೆ ಕೊಡ್ರಿ. ಕೂಸಿಗೆ ಗಂಜಿ ಕಾಸಿ, ಹೊತ್ತು ತಂದು ಇಲ್ಲೇ ಇಡ್ತೀನಿ."

ದೊರೆ ಸಿಟ್ಟಾಗಲಿಲ್ಲ. ನಗುತ್ತಲೇ ಹೇಳಿದ: "ಅದೀಗ ದೇವರ ಕಲ್ಲವ್ವಾ. ದೇವರಿಗೆ ಕೊಟ್ಟದ್ದು ತಿರುಗಿ ಕೇಳಬಾರದು. ನಿನ್ನ ಕಲ್ಲಿಗೆ ಪುಣ್ಯಾ ಬಂತು ಅಂತ ಸಂತೋಷಪಡು."

"ಹಂಗಾರ ನಿಮ್ಮ ಕತ್ತೀನೂ ಇಲ್ಲೇ ಹಾಸ್ರಿ ಧಣಿ. ನಾವೂ ತುಳೀತೀವಿ. ಅದಕ್ಕೂ ಪುಣ್ಯಾ ಬರಲಿ."

ಮರುಗಳಿಗೆ ಆಳುಗಳು ಅವಳನ್ನು ಎಳೆದು ಹೊರಗೆ ಹಾಕಿದರು. ಪಾದ್ರಿ ನಿಲ್ಲಿಸಿದಲ್ಲಿಂದ ಪ್ರಾರ್ಥನೆ ಮುಂದುವರಿಸಿದ.

ಹಿಮ ಕರಗುವ ಮೊದಲೇ ಕೂಸು ಹೋಯಿತು. ಬರಗಾಲವಲ್ಲ. ಮನೆಯ ಮೂಲೆಯಲ್ಲಿ ಕಾಳಿನ ಚೀಲವಿತ್ತು. ಚೀಲದ ಪಕ್ಕದಲ್ಲೇ ಕೂಸು ಹೋಯಿತು.

ವಸಂತದಲ್ಲಿ ಗಿರಣಿ ತಿರುಗಿತು. ಮುದುಕಿ ಮತ್ತೆ ಚರ್ಚಿಗೆ ಕಾಲಿಡಲಿಲ್ಲ. ಪಾದ್ರಿಯೇ ಅವಳ ಬಾಗಿಲಿಗೆ ಬಂದ. "ಅವ್ವಾ, ಹಿಂಗ ಮಾಡಿದರ ಸ್ವರ್ಗ ತಪ್ಪತೈತಿ" ಎಂದ.

"ತಪ್ಪಲಿ ಬಿಡ್ರಿ. ನಿಮ್ಮ ದೇವರ ತನಕ ಬರಬೇಕಂದ್ರ ನನ್ನ ಮಗಳ ಅಂಗೈ ತುಳದು ಬರಬೇಕು. ನಾ ಒಲ್ಲೆ."

ಆ ದೊರೆಯ ಹೆಸರನ್ನು ಚರ್ಚಿನ ಬಾಗಿಲ ಮೇಲೆ ಕೆತ್ತಿದರು. ಈ ಮುದುಕಿಯ ಹೆಸರನ್ನು ಯಾರು ಕೆತ್ತಿದರು?

ಅಯ್ಯೋ ಪಾಪ, ಎಂಥ ಕ್ರೂರಿ ದೊರೆ ಎನ್ನುತ್ತಿದ್ದೀರಿ. ಬಹಳ ಸುಲಭ. ಅವನು ದೂರದವನು, ಸತ್ತವನು. ಸುಮ್ಮನೆ ಒಂದು ಗಳಿಗೆ ಕಿವಿಗೊಡಿ. ಈ ಮಠದ ಹಿತ್ತಿಲ ಕಡೆಯಿಂದ ಸದ್ದು ಬರುತ್ತಿದೆ, ಕೇಳಿಸಿತೇ? ರೊಟ್ಟಿ ಬಡಿಯುವ ಸದ್ದು. ಬೆಳಗಿನಿಂದ ಬರುತ್ತಿದೆ. ನೀವು ಭಜನೆ ಮಾಡಿದಾಗಲೂ ಬರುತ್ತಿತ್ತು, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗಲೂ ಬರುತ್ತಿತ್ತು. ಬಡಿಯುತ್ತಿರುವ ತಾಯಂದಿರು ಏನಾದರೂ ಉಂಡರೇ? ಯಾರಾದರೂ ಕೇಳಿದಿರಾ? ಪ್ರತಿ ದಾಸೋಹದಲ್ಲಿ ಅವರು ಉಣ್ಣುವುದು ಯಾವಾಗ? ಹೊತ್ತು ಇಳಿದ ಮೇಲೆ, ಪಾತ್ರೆಯ ತಳ ಕೆರೆದು, ಒಲೆಯ ಮಗ್ಗುಲಲ್ಲಿ ನಿಂತುಕೊಂಡೇ. ಯಾರ ದುಡಿತದ ಮೇಲೆ ನಿಂತು ನಾವು ದೇವರಿಗೆ ಕೈ ಮುಗಿಯುತ್ತಿದ್ದೇವೆ? ಇದಕ್ಕೂ ಆ ಚರ್ಚಿನ ನೆಲಕ್ಕೂ ಏನು ಅಂತರ, ಹೇಳಿ!

ನಿಮ್ಮ ಮನೆಗೇ ಬನ್ನಿ. ಪಾತ್ರೆ ತಿಕ್ಕಲು ಬರುವವಳು ಚಹಾ ಕುಡಿದಳೋ ಇಲ್ಲವೋ ಕೇಳದೆ ದೇವರ ಕೋಣೆಗೆ ಹೋಗಬೇಡಿ. ಹೆಂಡತಿ, ಸೊಸೆ ಇನ್ನೂ ಒಲೆಯ ಮುಂದಿರುವಾಗ ಗಂಡಸರು ತಾಟಿನ ಮುಂದೆ ಕೂರಬೇಡಿ. ಮದುವೆ ಮನೆಯಲ್ಲಿ ಅಡುಗೆಯವರನ್ನು ಮೊದಲು ಕೂರಿಸಿ, ಬೀಗರನ್ನು ಆಮೇಲೆ. ಒಂದು ದಿನದ ವ್ರತವಲ್ಲ ಇದು, ಉಸಿರಿರುವ ತನಕ.

ಪ್ರವಚನ ಇನ್ನೂ ಉಳಿದಿದೆ. ಉಳಿಯಲಿ. ಮಂಗಳಾರತಿಯೂ ಆಮೇಲೆ. ಮೊದಲ ಸಾಲಿನ ದೊಡ್ಡವರೇ, ಶಾಲು ಕೆಳಗಿಡಿ, ಕೈ ತೊಳೆಯಿರಿ. ಇವತ್ತಿನ ಮೊದಲ ಪಂಕ್ತಿ ಹಿತ್ತಿಲಿನವರದು. ಬಡಿಸುವವರು ನೀವು. ಏಳಿ.